ಅಪ್‌ಡೇಟ್: ಎಚ್-ಆಲ್ಫಾದಲ್ಲಿ (ಹೈಡ್ರೋಜನ್‌ನ ಕೆಂಪು ಬೆಳಕಿನಲ್ಲಿ) ಸೂರ್ಯನ ಚಿತ್ರ ತೆಗೆದರೆ ನಡುವೆ ಮಾತ್ರ ವಿವರ ಬರ್ತಿತ್ತು, ಈಗ ಸರಿಹೋಯ್ತು

80 ಮಿ.ಮೀ. ರಿಫ್ರಾಕ್ಟರ್‌ (ಲೆನ್ಸ್ ಟೆಲಿಸ್ಕೋಪ್) ಹಿಂದೆ ಎಟಲಾನ್ (ಬೆಳಕಿನ ತೀರಾ ಕಿರಿದಾದ ಪಟ್ಟಿಯನ್ನಷ್ಟೇ ಬಿಡುವ ಫಿಲ್ಟರ್) ಹಾಕಿದರೆ ಚಿತ್ರದ ನಡುವೆ ಮಾತ್ರ ಫಿಲಮೆಂಟ್ (ಸೂರ್ಯನ ಮೇಲಿನ ಕಪ್ಪು ಎಳೆಗಳು) ಕಾಣುತ್ತೆ, ಅಂಚಿನತ್ತ ಎಲ್ಲ ಮಾಸಲು ಅಂತ ಕೇಳಿದ್ದೆ. ಚಿತ್ರ ಹಿಗ್ಗಿಸುವ ಸಾಧಾರಣ ಬಾರ್ಲೋ ಲೆನ್ಸ್ ತೆಗೆದು ಟೆಲಿಸೆಂಟ್ರಿಕ್ (ಅಂಚಿನ ಕಿರಣಗಳನ್ನೂ ನೇರವಾಗಿ ಕಳಿಸುವ ಲೆನ್ಸ್) ಹಾಕಿ, ಎಫ್/30ರ (ಫೋಕಲ್ ದೂರ ಟೆಲಿಸ್ಕೋಪ್ ವ್ಯಾಸದ 30 ಪಟ್ಟು) ಹತ್ತಿರ ಇಡಿ ಅಂದವರ ಮಾತೇ ಫಲಿಸಿತು. ಕಿರಣಗಳು ಓರೆಯಾಗಿ ಬಿದ್ದಷ್ಟೂ ಎಟಲಾನ್ ಎಚ್-ಆಲ್ಫಾದ 656.28 ನ್ಯಾನೋಮೀಟರ್ ಬಿಟ್ಟು ನೀಲಿಯ ಕಡೆ ಸರಿಯುತ್ತೆ. ಬಾರ್ಲೋದಲ್ಲಿ ಅಂಚಿಗೆ ಆಗ್ತಿದ್ದದ್ದು ಅದೇ. ಈಗ ಇಡೀ ಫ್ರೇಮ್ ಒಂದೇ ಸಮ.

ನೆಬ್ಯುಲಾಗೆ (ಬಾಹ್ಯಾಕಾಶದ ಅನಿಲ ಮೋಡ) ಬಳಸುವ, 7 ನ್ಯಾನೋಮೀಟರ್ ಅಗಲದ ಪಟ್ಟಿಯ ಫಿಲ್ಟರನ್ನೇ ಸೋಲಾರ್ ಫಿಲ್ಮ್ (ಸೂರ್ಯನ ಬೆಳಕು ತಗ್ಗಿಸುವ ಹಾಳೆ) ಜೊತೆ ಹಾಕಿ ಅನ್ನೋ ಸಲಹೆ ನಡೆಯಲಿಲ್ಲ. ಬರೀ ಸೂರ್ಯಕಲೆ ಕಂಡವು. ಫಿಲಮೆಂಟ್ ಕಾಣುವ ಕ್ರೋಮೋಸ್ಫಿಯರ್ (ಸೂರ್ಯನ ಮೇಲ್ಮೈ ಮೇಲಿನ ಪದರ) ಬೇಕಂದ್ರೆ 0.1 ನ್ಯಾನೋಮೀಟರ್‌ಗಿಂತ ಕಿರಿದಾದ ಪಟ್ಟಿಯೇ ಬೇಕು. ಫಿಲ್ಮ್ ಇಲ್ಲದೆ ಆ ನೆಬ್ಯುಲಾ ಫಿಲ್ಟರ್ ಒಂದನ್ನೇ ನಂಬಿ ಸೂರ್ಯನತ್ತ ಕಣ್ಣಿಡಲೇಬೇಡಿ, ದಯವಿಟ್ಟು.

ನಾನು ಎಣಿಸದೇ ಇದ್ದದ್ದು ನ್ಯೂಟನ್ ಉಂಗುರಗಳು (ಪ್ರತಿಫಲಿಸಿದ ಬೆಳಕು ಒಂದರ ಮೇಲೊಂದು ಬಿದ್ದು ಮೂಡುವ ಪಟ್ಟೆಗಳು). ಮೊನೊ (ಕಪ್ಪು-ಬಿಳುಪು) ಕ್ಯಾಮೆರಾದಲ್ಲಿ ತೆಳು ಪಟ್ಟೆಪಟ್ಟೆಯಾಗಿ ಬಂದವು. ಬೆಳಕಿನ ಏರುಪೇರು ಸರಿಪಡಿಸಲು ತೆಗೆಯುವ ಫ್ಲ್ಯಾಟ್ ಫ್ರೇಮ್‌ನಿಂದ ಪೂರ್ತಿ ಹೋಗಲಿಲ್ಲ. ಟಿಲ್ಟ್ ಅಡಾಪ್ಟರ್‌ನಲ್ಲಿ ಕ್ಯಾಮೆರಾ ಒಂಚೂರು ಓರೆ ಮಾಡಿದ್ದೇ ತಡ, ಮಾಯ. ಎಲ್ಲರಿಗೂ ಧನ್ಯವಾದ!