ರೊಪಿವಕೇನ್: ಒಟ್ಟು ಮಟ್ಟ ಏರುತ್ತಿದೆ, ಮುಕ್ತ ಭಾಗ ದಿನಕ್ಕೊಂದು ಬರುತ್ತಿದೆ

ಪ್ರಶ್ನೆ
ಶಸ್ತ್ರಚಿಕಿತ್ಸೆಯ ನಂತರ ಕ್ಯಾತಿಟರ್ ಮೂಲಕ 48 ಗಂಟೆ ರೊಪಿವಕೇನ್ (ನೋವು ತಡೆಯಲು ಮರಗಟ್ಟಿಸುವ ಔಷಧ) ಕೊಟ್ಟವರ ಪ್ಲಾಸ್ಮಾ ಮಾದರಿಗಳಿವು. ದರ ಬದಲಿಸಿಲ್ಲ, ಆದರೂ ಎರಡನೇ ದಿನ ಒಟ್ಟು ಮಟ್ಟ ಏರುತ್ತಲೇ ಇದೆ. ಕಿವಿ ಗುಂಯ್‌ಗುಡುವುದು, ನಾಲಿಗೆ ಜೋಮು ಹಿಡಿಯುವುದು, ಹೀಗೆ ಔಷಧ ಹೆಚ್ಚಾದ ಲಕ್ಷಣ ಯಾವುದೂ ಇಲ್ಲ. ಮುಕ್ತ ಭಾಗ (ಪ್ರೋಟೀನಿಗೆ ಅಂಟದ ಔಷಧ) ನೋಡೋಣವೆಂದು ಅಲ್ಟ್ರಾಫಿಲ್ಟ್ರೇಶನ್ (ಪ್ರೋಟೀನ್ ತಡೆಯುವ ಪೊರೆಯಲ್ಲಿ ಸೋಸುವುದು) ಮಾಡಿದರೆ ಒಂದೇ ಮಾದರಿಗೆ ದಿನಕ್ಕೊಂದು ಉತ್ತರ. ಎಲ್ಲಿ ತಪ್ಪುತ್ತಿದೆ?

ಉತ್ತರ 1
ಏರಿಕೆ ನಿಜವೇ ಇರಬಹುದು. ರೊಪಿವಕೇನ್ ಸುಮಾರು 94% ಪ್ರೋಟೀನಿಗೆ ಅಂಟಿಕೊಂಡಿರುತ್ತದೆ, ಮುಖ್ಯವಾಗಿ ಆಲ್ಫಾ-1 ಆಸಿಡ್ ಗ್ಲೈಕೋಪ್ರೋಟೀನಿಗೆ. ಶಸ್ತ್ರಚಿಕಿತ್ಸೆಯ ಉರಿಯೂತದಿಂದ ಈ ಪ್ರೋಟೀನ್ ಹೆಚ್ಚಿ, ಔಷಧವನ್ನು ರಕ್ತದಲ್ಲೇ ಹಿಡಿದಿಡುತ್ತದೆ. ಮಿದುಳಿಗೂ ಹೃದಯಕ್ಕೂ ತಟ್ಟುವುದು ಮುಕ್ತ ಭಾಗ. ಅದನ್ನು ಅಳೆಯಹೊರಟಿದ್ದು ಸರಿಯಾಗಿಯೇ ಇದೆ.

ದಿನಕ್ಕೊಂದು ಉತ್ತರ ಬಂದರೆ ಮೊದಲ ಅನುಮಾನ ಪಿಎಚ್ ಮೇಲೆ. ಹೆಪ್ಪುಗಟ್ಟಿಸಿಟ್ಟು ಕರಗಿಸಿದ ಪ್ಲಾಸ್ಮಾವನ್ನು ತೆರೆದಿಟ್ಟರೆ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಪಿಎಚ್ 8ರತ್ತ ಏರುತ್ತದೆ. ಆಗ ಔಷಧ ಇನ್ನಷ್ಟು ಬಿಗಿಯಾಗಿ ಅಂಟಿ, ಮುಕ್ತ ಭಾಗ ಸುಳ್ಳೇ ಕಡಿಮೆ ಕಾಣುತ್ತದೆ. ತಣ್ಣಗಿನ ಸೆಂಟ್ರಿಫ್ಯೂಜ್ ಕೂಡ ಅದೇ ಕಡೆಗೆ ಎಳೆಯುತ್ತದೆ. ಪಿಎಚ್ 7.4ಕ್ಕೆ ತಂದು, 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, 30 ಕಿಲೋಡಾಲ್ಟನ್ (ಅದಕ್ಕಿಂತ ದೊಡ್ಡ ಅಣುಗಳನ್ನು ತಡೆಯುವ) ಫಿಲ್ಟರಿನಲ್ಲಿ ಅದೇ 37 ಡಿಗ್ರಿಯಲ್ಲೇ ತಿರುಗಿಸಿ. 500 ಮೈಕ್ರೋಲೀಟರ್ ಹಾಕಿದರೆ 100 ಸೋಸಿ ಬಂದರೆ ಸಾಕು. ಇದಕ್ಕೂ ಮುನ್ನ ಪ್ರೋಟೀನ್ ಇಲ್ಲದ ಬಫರಿನಲ್ಲಿ ಔಷಧ ಬೆರೆಸಿ ಸೋಸಿ ನೋಡಿ; ಹಾಕಿದ್ದಕ್ಕಿಂತ ಕಡಿಮೆ ಬಂದರೆ ಪೊರೆಯೇ ನುಂಗುತ್ತಿದೆ.

ಉತ್ತರ 2
ಸ್ಟ್ಯಾಂಡರ್ಡ್ (ಹೋಲಿಕೆಗೆ ಬಳಸುವ, ಪ್ರಮಾಣ ಗೊತ್ತಿರುವ ಔಷಧ) ತೂಗಿದ ಲೆಕ್ಕವನ್ನೂ ತೆಗೆದು ನೋಡಿ. ರೊಪಿವಕೇನ್ ಹೈಡ್ರೋಕ್ಲೋರೈಡ್ ಮೊನೊಹೈಡ್ರೇಟಿನ ಅಣುತೂಕ 328.9, ಬೇಸಿನದು (ಲವಣದ ಭಾಗವಿಲ್ಲದ ಔಷಧ) 274.4. 0.834ರಿಂದ ಗುಣಿಸುವುದು ಮರೆತರೆ ರೋಗಿಯ ಮಟ್ಟ ಸುಮಾರು 20% ಹೆಚ್ಚು ಬರುತ್ತದೆ, ಕ್ವಾಲಿಟಿ ಕಂಟ್ರೋಲನ್ನೂ ಅದೇ ದ್ರಾವಣದಿಂದ ಮಾಡಿದ್ದರೆ ತಪ್ಪು ಗೊತ್ತೇ ಆಗುವುದಿಲ್ಲ.

ಜೆಲ್ ಟ್ಯೂಬ್ ಬೇಡ, ಅದು ಔಷಧ ಹೀರಬಹುದು. ಲಿಡೊಕೇನ್ ಅಳೆಯುವವರಿಗೆ ಇನ್ನೊಂದು ಮಾತು: ಸೂಜಿ ಚುಚ್ಚುವ ಜಾಗಕ್ಕೆ ಮರಗಟ್ಟಿಸುವ ಕ್ರೀಮ್ ಹಚ್ಚಿಸಬೇಡಿ, ಎಷ್ಟೋ ಕ್ರೀಮುಗಳಲ್ಲಿ ಇರುವುದು ಲಿಡೊಕೇನೇ.

ಪ್ರಶ್ನೆ ಕೇಳಿದವರು
ಸೋಸಿದ ದ್ರವಕ್ಕೂ ಪ್ಲಾಸ್ಮಾದ ಕ್ಯಾಲಿಬ್ರೇಶನ್ ಕರ್ವ್ (ಸಿಗ್ನಲ್‌ನಿಂದ ಮಟ್ಟ ಲೆಕ್ಕಹಾಕುವ ರೇಖೆ) ನಡೆಯುತ್ತದೆಯೇ?

ಉತ್ತರ 3
ಬೇಡ. ಔಷಧವಿಲ್ಲದ ಪ್ಲಾಸ್ಮಾ ಸೋಸಿ, ಆ ದ್ರವದಲ್ಲೇ ಬೇರೆ ಕರ್ವ್ ಕಟ್ಟಿ. ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ನೋಡಬೇಕಾದ ಅಯಾನುಗಳು (ಮೂಲ→ತುಂಡು) ರೊಪಿವಕೇನಿಗೆ 275→126, ಡಿ7 ಇಂಟರ್ನಲ್ ಸ್ಟ್ಯಾಂಡರ್ಡಿಗೆ (ಏಳು ಡ್ಯೂಟೀರಿಯಂ ಇರುವ ಅದೇ ಔಷಧ, ಹೋಲಿಕೆಗೆ ಬೆರೆಸುವುದು) 282→133. ಪ್ಲಾಸ್ಮಾವನ್ನು ಬರೀ ಅಸಿಟೋನೈಟ್ರೈಲಿನಿಂದ ಶುದ್ಧ ಮಾಡುತ್ತಿದ್ದರೆ 184ರ ಅಯಾನಿನಲ್ಲಿ ಫಾಸ್ಫೋಲಿಪಿಡ್ (ಪ್ಲಾಸ್ಮಾದ ಕೊಬ್ಬು) ಯಾವ ಸಮಯಕ್ಕೆ ಹೊರಬರುತ್ತದೆಂದು ನೋಡಿಕೊಳ್ಳಿ. ಔಷಧದ ಪೀಕ್ ಜೊತೆಗೇ ಬಂದರೆ ಸಿಗ್ನಲ್ ಕುಗ್ಗುತ್ತದೆ. ಲಿಪಿಡ್ ಎಮಲ್ಷನ್ (ಈ ಔಷಧದ ವಿಷಬಾಧೆಗೆ ಕೊಡುವ ಕೊಬ್ಬಿನ ದ್ರವ) ಕೊಟ್ಟ ಮೇಲೆ ತೆಗೆದ ರಕ್ತವಾದರೆ ಟ್ಯೂಬಿನ ಮೇಲೆ ಆ ಸಮಯ ಬರೆದಿರಲೇಬೇಕು. ಔಷಧ ಕೊಬ್ಬಿನ ಹನಿಗಳಿಗೂ ಸೇರಿರುತ್ತದೆ, ಅದರ ಒಟ್ಟು ಮಟ್ಟವನ್ನು ಹಿಂದಿನ ಮಾದರಿಯ ಪಕ್ಕ ಇಟ್ಟು ಹೋಲಿಸಲಾಗದು.