ಬೆಳಿಗ್ಗೆ ಸಿಸ್ಟಮ್ ಆನ್ ಆಗಲ್ಲ, ಹತ್ತು ನಿಮಿಷ ಬಿಟ್ಟರೆ ಆಗುತ್ತದೆ. ಮದರ್‌ಬೋರ್ಡ್ ಹೋಯ್ತಾ?

ತುಂಗೆದಡ:
ತೀರ್ಥಹಳ್ಳಿಯಲ್ಲಿ ನಮ್ಮದೊಂದು ಜೆರಾಕ್ಸ್ ಅಂಗಡಿ. ಸಿಸ್ಟಮ್ ಹಳೆಯದು, 4ನೇ ಜನರೇಷನ್ ಐ3, ಎಚ್81 ಬೋರ್ಡ್, 8 ಜಿಬಿ ರ್ಯಾಮ್. ಮಳೆ ಹಿಡಿದಾಗಿನಿಂದ ಇದೇ ರಗಳೆ. ಬೆಳಿಗ್ಗೆ ಬಟನ್ ಒತ್ತಿದರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ, ಕೆಲವು ದಿನ ಅದೂ ಇಲ್ಲ. ಬೀಪ್ ಇಲ್ಲ, ಡಿಸ್ಪ್ಲೇ ಇಲ್ಲ. ಹತ್ತು ಹದಿನೈದು ನಿಮಿಷ ಬಿಟ್ಟು ಒತ್ತಿದರೆ ಏನೂ ಆಗಿಲ್ಲ ಅನ್ನೋ ಹಾಗೆ ಆನ್ ಆಗುತ್ತದೆ, ಆಮೇಲೆ ಸಂಜೆವರೆಗೂ ತೊಂದರೆ ಇಲ್ಲ, ಊಟಕ್ಕೆ ಹೋಗುವಾಗ ಶಟ್‌ಡೌನ್ ಮಾಡಿ ಬಂದರೂ ಒಂದೇ ಸಲಕ್ಕೆ ಆನ್. ಇನ್ನೊಂದು, ಬೆಳಿಗ್ಗೆ ತಾರೀಖು 2013ಕ್ಕೆ ಹೋಗಿರುತ್ತದೆ. ಅದನ್ನು ಸರಿ ಮಾಡುವವರೆಗೆ ಒಂದು ವೆಬ್‌ಸೈಟೂ ತೆರೆಯಲ್ಲ, ಪಹಣಿಗೆ ಬಂದವರು ಕೊಡೆ ಮಡಚಿಕೊಂಡು ಬಾಗಿಲಲ್ಲೇ ನಿಂತಿರುತ್ತಾರೆ. ರ್ಯಾಮ್ ತೆಗೆದು ರಬ್ಬರಿನಲ್ಲಿ ಉಜ್ಜಿ ಹಾಕಿದೆ, ಸ್ಲಾಟ್ ಬದಲಿಸಿದೆ. ರಿಪೇರಿಯವರು ಥಂಡಿಗೆ ಬೋರ್ಡ್ ಹೋಗಿದೆ, ಸಿಸ್ಟಮ್ಮೇ ಬದಲಿಸಿ ಅಂದರು. ನಿಜಾನಾ?

ಅಡಿಕೆಸಿಪ್ಪೆ:
ಥಂಡಿಯೇ ಸರ್. ನಮ್ಮಲ್ಲೂ ಹಾಗೇ ಆಗ್ತಿತ್ತು. ರಾತ್ರಿ ಕ್ಯಾಬಿನೆಟ್ ಪಕ್ಕ ಒಂದು 40 ವಾಟ್ ಬಲ್ಬ್ ಉರಿಸಿಡಿ, ನಾವು ಎರಡು ಮಳೆಗಾಲ ಹಾಗೇ ಕಳೆದೆವು.

ಹಳೇಮೀಟರ್:
ಬಲ್ಬ್ ಬೇಡ ಮಾರಾಯ್ರೇ. ಒಂದು ಪ್ರಶ್ನೆ. ರಾತ್ರಿ ಗೋಡೆಯ ಸ್ವಿಚ್ ಆಫ್ ಮಾಡ್ತೀರಾ?

ತುಂಗೆದಡ:
ಪ್ಲಗ್ಗೇ ಕಿತ್ತಿಡುತ್ತೇನೆ. ಹೋದ ವರ್ಷ ಸಿಡಿಲಿಗೆ ಮೋಡೆಮ್ ಸುಟ್ಟಿತ್ತು. ಬೇಸಿಗೆಯಲ್ಲಿ ಹಾಗೇ ಬಿಡುತ್ತಿದ್ದೆ. ಈಗ ನೆನಪಾಯ್ತು, ಏಪ್ರಿಲ್‌ನಲ್ಲಿ ಒಂದು ದಿನ ರಾತ್ರಿಯಿಡೀ ಕರೆಂಟ್ ಇರಲಿಲ್ಲ, ಆವತ್ತೂ ಬೆಳಿಗ್ಗೆ ಹೀಗೇ ಆಗಿತ್ತು.

ಹಳೇಮೀಟರ್:
ಹಾಗಾದರೆ ಮಳೆಯದ್ದೇನೂ ತಪ್ಪಿಲ್ಲ, ನೀವು ಪ್ಲಗ್ ಕಿತ್ತಿದ್ದಕ್ಕೆ ಒಳಗಿದ್ದ ರೋಗ ಹೊರಗೆ ಬಂತು ಅಷ್ಟೇ. ಸಿಸ್ಟಮ್ ಆಫ್ ಇದ್ದರೂ ಪ್ಲಗ್ ಇರುವಷ್ಟು ಹೊತ್ತು ಎಸ್‌ಎಂಪಿಎಸ್ (ಸಿಸ್ಟಮ್ಮಿಗೆ ಕರೆಂಟ್ ಕೊಡುವ ಡಬ್ಬಿ) ಒಳಗೆ 5 ವೋಲ್ಟಿನ ಸ್ಟ್ಯಾಂಡ್‌ಬೈ ಸಪ್ಲೈ ಓಡುತ್ತಲೇ ಇರುತ್ತದೆ. ಪವರ್ ಬಟನ್ ಕೆಲಸ ಮಾಡೋದೇ ಅದರಿಂದ. ಅದರ ಕೆಪಾಸಿಟರ್ (ಕರೆಂಟ್ ಹಿಡಿದಿಡುವ ಬಿಡಿಭಾಗ) ಒಣಗಿದ್ದರೆ ತಣ್ಣಗಿರುವಾಗ ವೋಲ್ಟೇಜ್ ಎತ್ತಲ್ಲ, ಹತ್ತು ನಿಮಿಷ ಬೆಚ್ಚಗಾದರೆ ಸುಧಾರಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ಅದು ತಣ್ಣಗಾಗಲು ನೀವು ಬಿಟ್ಟೇ ಇರಲಿಲ್ಲ. ತಾರೀಖಿನ ಕಥೆಯೂ ಅದೇ, ಪ್ಲಗ್ ಇದ್ದಾಗ ಬೋರ್ಡಿನ ಆರ್‌ಟಿಸಿ (ಪಹಣಿ ಅಲ್ಲ, ಗಡಿಯಾರ) ಸ್ಟ್ಯಾಂಡ್‌ಬೈ ಕರೆಂಟಿನಲ್ಲೇ ನಡೆಯುತ್ತದೆ, ಕಿತ್ತಮೇಲೆ ಬೋರ್ಡಿನ ಮೇಲಿರುವ ನಾಣ್ಯದಂಥ ಸಿಆರ್2032 ಸೆಲ್ಲೇ ಗತಿ. ಆ ಸೆಲ್ ಸತ್ತಿದೆ.
ಸುಮ್ನೆ ನನ್ನ ಮಾತು ನಂಬಬೇಡಿ, ಅಳೆದು ನೋಡಿ. ಮಲ್ಟಿಮೀಟರ್ ಡಿಸಿ 20ಕ್ಕೆ ಇಡಿ. ಎಸ್‌ಎಂಪಿಎಸ್‌ನಿಂದ ಬೋರ್ಡಿಗೆ ಬರುವ 24 ಪಿನ್ ಕನೆಕ್ಟರ್ ಬೋರ್ಡಿನಲ್ಲೇ ಇರಲಿ, ಅದರ ಹಿಂದಿನಿಂದ ನೇರಳೆ ವೈರಿಗೆ ಕೆಂಪು ಕಡ್ಡಿ, ಕಪ್ಪು ವೈರಿಗೆ ಕಪ್ಪು ಕಡ್ಡಿ. ಬೆಳಿಗ್ಗೆ ಪ್ಲಗ್ ಹಾಕಿದ ತಕ್ಷಣ ನೋಡಬೇಕು, ಮಧ್ಯಾಹ್ನ ನೋಡಿದರೆ ಎಲ್ಲ ಸರಿ ಅಂತಲೇ ತೋರಿಸುತ್ತದೆ. 4.75ರಿಂದ 5.25ರ ಒಳಗೆ ಇರಬೇಕು.

ತುಂಗೆದಡ:
ಸರ್, ಇವತ್ತು ನೋಡಿದೆ. ಪ್ಲಗ್ ಹಾಕಿದಾಗ 4.1. ಕೂತು ನೋಡ್ತಾ ಇದ್ದೆ, 4.3, 4.5, ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ 4.9. ಆಗ ಬಟನ್ ಒತ್ತಿದೆ, ಆನ್! ಸೆಲ್ ತೆಗೆದು ಅಳೆದರೆ 2.2 ಇತ್ತು. ಹೊಸ ಸೆಲ್ ಹಾಕಿದೆ, ತಮ್ಮನ ಮನೆಯಲ್ಲಿದ್ದ ಎಸ್‌ಎಂಪಿಎಸ್ ತಂದು ಕೂರಿಸಿದೆ. ಮೂರು ದಿನದಿಂದ ಪ್ಲಗ್ ಕಿತ್ತಿಟ್ಟರೂ ಒಂದೇ ಒತ್ತಿಗೆ ಏಳುತ್ತಿದೆ, ತಾರೀಖೂ ಸರಿ ಇದೆ. ಹಳೇ ಎಸ್‌ಎಂಪಿಎಸ್ ಬಿಚ್ಚಿ ಆ ಕೆಪಾಸಿಟರ್ ಬದಲಿಸಲಾ?

ಅಡಿಕೆಸಿಪ್ಪೆ:
ಅಯ್ಯೋ, ನಾವು ಬಲ್ಬಿಗೆ ಸುರಿದ ಕರೆಂಟು! ನಾಳೆ ನಾನೂ ಮೀಟರ್ ಹಿಡೀತೀನಿ.

ಹಳೇಮೀಟರ್:
ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗಿಂತ ಜಾಸ್ತಿ ನಿಂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರುತ್ತದೆ. ಬೆಸುಗೆ ಹಾಕಿ ಅಭ್ಯಾಸ ಇರುವವರ ಕೈಗೆ ಕೊಡಿ, ಇಲ್ಲ ಗುಜರಿಗೆ ಹಾಕಿ. ಮತ್ತೆ ಸಿಡಿಲು ಬಂದಾಗ ಪ್ಲಗ್ ಕೀಳೋದು ಬಿಡಬೇಡಿ, ಇಂಟರ್ನೆಟ್ ಕೇಬಲ್ಲನ್ನೂ ಜೊತೆಗೇ ಕಿತ್ತಿಡಿ.