ಅಪ್‌ಡೇಟ್: ಮಗಳು ಕೊನೆಗೂ ಹಿಟ್ಟಿಗೆ ಕೈ ಹಾಕಿದಳು!

ಎರಡು ವರ್ಷದ ಮಗಳು ಅಂಟು ಅಂದ್ರೆ ಕೈ ಹಿಂದಕ್ಕೆ ಎಳೆಯುತ್ತಾಳೆ, ಮನೆ ಸಾಮಾನಿನಲ್ಲೇ ಏನು ಆಟ ಆಡಿಸಬಹುದು ಅಂತ ಕೇಳಿದ್ದೆ ಅಲ್ವಾ? ಮಂಡ್ಯದ ನಮ್ಮ ಮನೆಯಲ್ಲಿ ಎರಡು ವಾರ ಮಾಡಿ ನೋಡಿದೆವು.

ಮೈದಾ ಅಂಟು ಮೊದಲ ದಿನವೇ ಬೇಡವಾಯಿತು. ಹುರಿದ ರಾಗಿಹಿಟ್ಟು ಕೆಲಸ ಮಾಡಿತು. ತಟ್ಟೆಯಲ್ಲಿ ತೆಳ್ಳಗೆ ಹರಡಿ ಕೊಟ್ಟೆ. ಮೊದಲು ಒಂದೇ ಬೆರಳು ತಾಗಿಸಿದಳು. ಗೆರೆ ಮೂಡಿದ್ದು ನೋಡಿ ಅಂಗೈಯನ್ನೇ ಒತ್ತಿದಳು! ಆಮೇಲೆ ಬೆಂಡೆಕಾಯಿ ಅಡ್ಡ ಕತ್ತರಿಸಿ, ಬೀಟ್‌ರೂಟ್ ರಸದಲ್ಲಿ ಅದ್ದಿ ಅಚ್ಚೊತ್ತಿಸಿದೆ. ಪುಟ್ಟ ಹೂವು ಬಂತು. ಲೋಳೆ ಅವಳಿಗೆ ಗೊತ್ತೇ ಆಗಲಿಲ್ಲ. ತೆಂಗಿನ ನಾರು ಚುಚ್ಚುತ್ತೆ ಅಂತ ಬಿಟ್ಟೆವು.

ಅವರೆಕಾಳು ಅಂಟಿಸಿ ಅಂದಿದ್ದಿರಿ. ಈ ವಯಸ್ಸಿಗೆ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ.

ನಿನ್ನೆ ಅವಳೇ ತಟ್ಟೆ ತಂದು "ಹಿಟ್ಟು" ಅಂದಳು.